ಎಳೆಯ ಗಂಟಲು, ಹಿರಿಯರ ಮಾತು

ಎರಡನೆಯ ಮಹಾಯುದ್ಧದ ಕಾಲದ ಸೈನಿಕ ಶಿಬಿರವು ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರ ನೆಲೆಯಾಗಿ, 1949ರಲ್ಲಿ ಉಲ್ಹಾಸನಗರವೆಂಬ ಹೆಸರನ್ನು ಪಡೆದ ಕಥೆ ಇಲ್ಲಿಯ ಕನ್ನಡಿಗರೆಲ್ಲರೂ ಬಲ್ಲದ್ದೇ. ಒಂದನೆಯ ಕ್ಯಾಂಪಿನಿಂದ ಐದನೆಯದರವರೆಗೆ ಹಬ್ಬಿರುವ ಈ ಊರಿನಲ್ಲಿ ಬೆಳೆಯುವ ಕನ್ನಡದ ಮಗು ಬೀದಿಯಲ್ಲಿ ಸಿಂಧಿಯನ್ನು ಕೇಳುತ್ತದೆ, ಅಂಗಡಿಯಲ್ಲಿ ಹಿಂದಿಯನ್ನಾಡುತ್ತದೆ, ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತದೆ. ಕನ್ನಡವೆಂಬುದು ಅದಕ್ಕೆ ಅಡಿಗೆಮನೆಯ ಭಾಷೆ. ಅಜ್ಜಿ ಊರಿನಿಂದ ಬಂದಾಗ ಮಾತ್ರ ನಡುಮನೆಗೂ ಬರುವ ಭಾಷೆ. ತಂದೆ ಲೋಕಲ್ ಗಾಡಿಯಿಂದ ಇಳಿದು ಮನೆ ಸೇರುವಾಗ ರಾತ್ರಿಯ ಎಂಟೋ ಒಂಬತ್ತೋ ಆಗಿರುತ್ತದೆ. ಅಲ್ಲಿಯವರೆಗೆ ಆ ಮಗುವಿನೊಡನೆ ಮಾತನಾಡುವ ಹಿರಿಯನೆಂದರೆ, ಅನೇಕ ಮನೆಗಳಲ್ಲಿ, ಕಿರುತೆರೆಯೊಳಗೆ ಕುಳಿತವನೇ.

ಆ ಹಿರಿಯನು ಕನ್ನಡದಲ್ಲಿ ಮಾತನಾಡಲಾರಂಭಿಸಿದ್ದು ಬಹಳ ತಡವಾಗಿ. ಮುಂಬಯಿ ದೂರದರ್ಶನ ಕೇಂದ್ರವು 1972ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡಿತಾದರೂ ಅದರ ಮಾತು ಮರಾಠಿ, ಹಿಂದಿ, ಗುಜರಾತಿಗಳದ್ದು. 1981ರಲ್ಲಿ ಬೆಂಗಳೂರು ಕೇಂದ್ರ ಬಂದರೂ ಅದರ ಅಲೆಗಳು ಉಲ್ಹಾಸ ನದಿಯ ದಡಕ್ಕೆ ತಲುಪುವಂಥವಾಗಿರಲಿಲ್ಲ. 1994ರಲ್ಲಿ ಉದಯ ವಾಹಿನಿ, 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಗಿ, ಕೇಬಲ್ ತಂತಿಯ ಮೂಲಕ ಮನೆಮನೆಗೆ ಬಂದ ಮೇಲೆಯೇ ಹೊರನಾಡಿನ ಮಗುವಿಗೆ ತನ್ನ ವಯಸ್ಸಿನ ಇನ್ನೊಂದು ಮಗು ಕನ್ನಡದಲ್ಲಿ ಹಾಡುವುದನ್ನು ಕಾಣುವ ಅವಕಾಶ ಲಭಿಸಿತು. ಹಾಗೆ ಕಂಡ ಕಾರ್ಯಕ್ರಮಗಳಲ್ಲಿ ಬಹುಕಾಲ ನೆನಪಿನಲ್ಲುಳಿದದ್ದು ಈಟಿವಿಯ ‘ಎದೆ ತುಂಬಿ ಹಾಡುವೆನು’. ರಾಷ್ಟ್ರಕವಿ ಜಿ. ಎಸ್. ಶಿವರುದ್ರಪ್ಪನವರ ಪ್ರಸಿದ್ಧ ಭಾವಗೀತೆಯನ್ನು ನೆನಪಿಗೆ ತರುವ ಹೆಸರಿನ ಈ ಗಾಯನಸ್ಪರ್ಧೆಯನ್ನು ನಡೆಸಿಕೊಟ್ಟವರು ದಿವಂಗತ ಎಸ್. ಪಿ. ಬಾಲಸುಬ್ರಹ್ಮಣ್ಯಂ.

ಅವರ ಮನೆಮಾತು ಕನ್ನಡವಲ್ಲ, ತೆಲುಗು. ತಂದೆ ಸಾಂಬಮೂರ್ತಿಗಳು ಹರಿಕಥಾ ವಿದ್ವಾಂಸರು. ಮಗ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿಯಲಿಲ್ಲ, ಕಿವಿಯಿಂದ ಕಲಿತರು. 1966ರ ಡಿಸೆಂಬರಿನಲ್ಲಿ ಮೊದಲ ತೆಲುಗು ಚಿತ್ರಗೀತೆಯನ್ನು ಹಾಡಿ, ಅದರ ಬೆನ್ನಿಗೇ ಎಂ. ರಂಗರಾಯರ ಸಂಗೀತ ನಿರ್ದೇಶನದಲ್ಲಿ ‘ನಕ್ಕರೆ ಅದೇ ಸ್ವರ್ಗ’ ಚಿತ್ರದ ಮೂಲಕ ಕನ್ನಡಕ್ಕೆ ಬಂದರು. ಅವರಿಗೆ ಲಭಿಸಿದ ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಒಂದು ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಎಂಬ ಕನ್ನಡ ಚಿತ್ರದ ಹಾಡಿಗೆ ಸಂದದ್ದು. ಇಷ್ಟೆಲ್ಲ ಇದ್ದ ಮನುಷ್ಯ, ತೆಲುಗಿನ ‘ಪಾಡುತಾ ತೀಯಗಾ’ ಕಾರ್ಯಕ್ರಮವನ್ನು 1996ರಿಂದ ನಡೆಸಿದ ಅನುಭವದೊಡನೆ, ಕನ್ನಡದ ಮಕ್ಕಳೆದುರಿಗೆ ಬಂದು ಕುಳಿತಾಗ ಪ್ರೇಕ್ಷಕರು ಕಂಡದ್ದು ಒಬ್ಬ ತಾರೆಯನ್ನಲ್ಲ. ಹೆಚ್ಚು ಕಡಿಮೆ ಮನೆಯ ದೊಡ್ಡಪ್ಪನನ್ನು.

ಮಗು ಹಾಡುವಾಗ ಅವರು ಕಣ್ಣು ಅರೆಮುಚ್ಚಿ, ತುಟಿಯನ್ನಾಡಿಸುತ್ತ ಜೊತೆಗೇ ಇರುತ್ತಿದ್ದರು. ಹಾಡು ಮುಗಿದ ಮೇಲೆ ಮೊದಲು ಹೊಗಳಿಕೆ. ಅದರ ಹಿಂದೆಯೇ, ದನಿಯನ್ನು ಒಂದಿಷ್ಟೂ ಏರಿಸದೆ, ತಿದ್ದುಪಡಿ. ಇಂಥ ಪದದಲ್ಲಿ ಮಹಾಪ್ರಾಣ ಹೋಯಿತು, ಇಂಥಲ್ಲಿ ಳಕಾರ ಲಕಾರವಾಯಿತು, ಎರಡನೆಯ ಚರಣದಲ್ಲಿ ಉಸಿರನ್ನು ಪದದ ನಡುವೆ ಮುರಿದೆ, ಪದ ಮುಗಿದ ಮೇಲೆ ತೆಗೆದುಕೊಳ್ಳಬೇಕಾಗಿತ್ತು ಎಂಬಂಥ ಮಾತು. ತಪ್ಪಿದ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು, ಮಗುವಿನಿಂದಲೂ ಹಾಡಿಸುತ್ತಿದ್ದರು. ಹಾಡನ್ನು ಬರೆದ ಕವಿ ಯಾರು, ಸ್ವರ ಹಾಕಿದವರಾರು ಎಂಬುದನ್ನು ಹೇಳದೆ ಮುಂದೆ ಹೋಗುತ್ತಿರಲಿಲ್ಲ. ಅಡಿಗೆಮನೆಯ ಕನ್ನಡವನ್ನಷ್ಟೇ ಬಲ್ಲ ಹೊರನಾಡಿನ ಮಗುವಿಗೆ ಇದೊಂದು ಪಾಠಶಾಲೆಯೇ ಆಗಿತ್ತು. ‘ಹಾಡು’ ಎಂಬುದಕ್ಕೂ ‘ಆಡು’ ಎಂಬುದಕ್ಕೂ ಇರುವ ಅಂತರವನ್ನು ತಾಯಿ ನೂರು ಸಲ ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮಕ್ಕಳು, ತೆರೆಯ ಮೇಲೆ ಅದೇ ತಪ್ಪಿಗೆ ಇನ್ನೊಂದು ಮಗು ನಗುನಗುತ್ತ ತಿದ್ದಿಸಿಕೊಳ್ಳುವುದನ್ನು ನೋಡಿ ತಾವೂ ನಾಲಗೆಯನ್ನು ತಿದ್ದಿಕೊಳ್ಳುತ್ತಿದ್ದವು.

ಲೋಕವೆಂದ ಮೇಲೆ ಒಂದೇ ಅಭಿಪ್ರಾಯವಿರುವುದು ಸಾಧ್ಯವೇ? ಮೆಚ್ಚಿದವರು ಬಹಳ ಮಂದಿ. ಆದರೆ ಎರಡು ಮನೆ ದಾಟಿದರೆ ಬೇರೆ ಮಾತೂ ಕೇಳಿಸುತ್ತಿತ್ತು. ಮಕ್ಕಳು ಹಾಡುವ ಸಮಯಕ್ಕಿಂತ ಇವರು ಮಾತನಾಡುವ ಸಮಯವೇ ಹೆಚ್ಚಾಯಿತೆಂದರು ಕೆಲವರು. ಅಂಕ ಕೊಡುವುದರಲ್ಲಿ ಕೈ ಬಹಳ ಧಾರಾಳವೆಂದರು ಮತ್ತೆ ಕೆಲವರು. ಎಲ್ಲರನ್ನೂ ಹೊಗಳಿದರೆ ಹೊಗಳಿಕೆಗೆ ಬೆಲೆಯೇನು, ಪೆಟ್ಟು ತಿನ್ನದ ಕಲ್ಲು ಶಿಲೆಯಾದೀತೇ ಎಂಬುದು ಹಿರಿಯ ಸಂಗೀತದ ಮೇಷ್ಟರುಗಳ ಆಕ್ಷೇಪಣೆ. ಈ ಕೊನೆಯ ಮಾತನ್ನು ತಳ್ಳಿಹಾಕುವಂತಿಲ್ಲ. ಬೆತ್ತ ಹಿಡಿದ ಗುರುಗಳಿಂದ ಕಲಿತು ದೊಡ್ಡವರಾದವರ ಪಟ್ಟಿ ನಮ್ಮ ನಾಡಿನಲ್ಲಿ ಉದ್ದವಾಗಿದೆ. ಆದರೆ ಬೆತ್ತದ ಭಯದಿಂದ ಹಾಡುವುದನ್ನೇ ಬಿಟ್ಟವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ ಎಂಬುದನ್ನೂ ಗಮನಿಸಬೇಕು.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಇನ್ನೊಂದಿದೆ. ಹತ್ತು ವರ್ಷದ ಹುಡುಗಿ ಪ್ರೌಢರ ಪ್ರಣಯಗೀತೆಯನ್ನು, ಅರ್ಥ ತಿಳಿಯದೆ, ಭಾವವನ್ನು ಮಾತ್ರ ಅನುಕರಿಸಿ ಹಾಡುವುದು ಯಾವ ಸೊಗಸು? ಸ್ಪರ್ಧೆಯೆಂದ ಮೇಲೆ ವಾರಕ್ಕೊಬ್ಬರನ್ನು ಹೊರಕ್ಕೆ ಕಳುಹಿಸಲೇಬೇಕು. ಕಳುಹಿಸುವಾಗ ಬೆನ್ನು ತಟ್ಟಿದರೂ ಹೊರಗೆ ಹೋಗುವ ಮಗು ಅಳುವುದು ತಪ್ಪುವುದಿಲ್ಲ. ನಿರೂಪಕನ ಮೃದುತ್ವ ಒಂದು ಗುಣ. ಸ್ಪರ್ಧೆಯ ಯಂತ್ರ ಬೇರೆಯೇ ಒಂದು ವಸ್ತು. ಅವರ ಕಾರ್ಯಕ್ರಮಕ್ಕೂ ಈ ಮಿತಿ ಇದ್ದೇ ಇತ್ತು.

ಧ್ವನಿಪೆಟ್ಟಿಗೆಯ ಸಂಗತಿ

ಮೃದುವಾದ ಮಾತು, ಕಟುವಾದ ಮಾತು ಎಂಬುದು ಕೇವಲ ಶಿಷ್ಟಾಚಾರದ ಪ್ರಶ್ನೆಯೆಂದು ಭಾವಿಸುವವರು ಮಗುವಿನ ಗಂಟಲಿನ ರಚನೆಯನ್ನು ಒಂದಿಷ್ಟು ತಿಳಿದುಕೊಳ್ಳುವುದು ಉಪಯುಕ್ತ. ಧ್ವನಿತಂತುಗಳು ಹುಟ್ಟಿದ ಕೂಸಿನಲ್ಲಿ ಕೆಲವೇ ಮಿಲಿಮೀಟರು ಉದ್ದವಿರುತ್ತವೆ. ಬೆಳೆದ ಗಂಡಸಿನಲ್ಲಿ ಅವು ಸುಮಾರು 17ರಿಂದ 21 ಮಿಲಿಮೀಟರಿಗೆ ಬರುತ್ತವೆ. ಉದ್ದ ಬೆಳೆಯುವುದಷ್ಟೇ ಅಲ್ಲ. ಪ್ರೌಢನ ಧ್ವನಿತಂತುವಿನಲ್ಲಿ ಕಾಣುವ ಪದರ ಪದರವಾದ ರಚನೆ ಮಗುವಿನಲ್ಲಿ ಪೂರ್ಣಗೊಂಡಿರುವುದಿಲ್ಲ, ಹದಿಹರೆಯದವರೆಗೂ ಆ ಕೆಲಸ ನಡೆಯುತ್ತಲೇ ಇರುತ್ತದೆ. ಹನ್ನೆರಡರಿಂದ ಹದಿನೈದರ ನಡುವೆ ಹುಡುಗರ ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ, ಹುಡುಗಿಯರದು ಎರಡು ಮೂರು ಸ್ವರಗಳಷ್ಟು. ಈ ಅವಧಿಯಲ್ಲಿ ಒಡಕು ಬರುವುದು ರೋಗವಲ್ಲ. ಆದರೆ ಪ್ರೌಢ ಗಾಯಕರ ಶ್ರುತಿಯಲ್ಲಿಯೇ ಹಾಡಬೇಕೆಂದು ಹಠ ಹಿಡಿದು, ದಿನಕ್ಕೆ ನಾಲ್ಕೈದು ಗಂಟೆ ತಾರಸ್ಥಾಯಿಯಲ್ಲಿ ಕಿರುಚಿಸಿ ಅಭ್ಯಾಸ ಮಾಡಿಸಿದರೆ ಧ್ವನಿತಂತುಗಳ ಅಂಚಿನಲ್ಲಿ, ಎರಡೂ ಒಂದಕ್ಕೊಂದು ಬಡಿಯುವ ಜಾಗದಲ್ಲಿ, ಸಣ್ಣ ಗಂಟುಗಳು ಮೂಡುತ್ತವೆ. ಮಕ್ಕಳ ದೀರ್ಘಕಾಲದ ಗೊಗ್ಗರು ದನಿಗೆ ಬಹಳ ಸಾಮಾನ್ಯವಾದ ಕಾರಣ ಇದೇ.

ಇದಕ್ಕೆ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ದನಿಗೆ ವಿಶ್ರಾಂತಿ, ಧಾರಾಳ ನೀರು, ಧ್ವನಿಚಿಕಿತ್ಸಕರ ಶಿಕ್ಷಣ ಇವು ಸಾಕು. ವಿಶ್ರಾಂತಿಯೆಂದು ಪಿಸುಮಾತಿನಲ್ಲಿ ಆಡಿಸುವ ತಾಯಂದಿರಿದ್ದಾರೆ. ಒತ್ತಿ ಆಡುವ ಪಿಸುಮಾತಿನಿಂದಲೂ ಗಂಟಲಿಗೆ ಶ್ರಮವೇ ಆಗುತ್ತದೆ. ಹಗುರವಾದ ಸಹಜ ದನಿಯಲ್ಲಿ ಸ್ವಲ್ಪವೇ ಮಾತನಾಡುವುದು ಮೇಲು. ಪದೇ ಪದೇ ಕ್ಯಾಕರಿಸುವ ಅಭ್ಯಾಸವೂ ಒಳ್ಳೆಯದಲ್ಲ. ದನಿ ಒಡೆದು ನಾಲ್ಕು ವಾರ ಕಳೆದರೂ ಸರಿಹೋಗದಿದ್ದರೆ, ಕಷಾಯಗಳನ್ನು ಪಕ್ಕಕ್ಕಿಟ್ಟು, ಕಿವಿ ಮೂಗು ಗಂಟಲಿನ ತಜ್ಞರಿಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆ ಕಂಡರೆ ಒಂದು ದಿನವೂ ಕಾಯಬಾರದು. ಬಾಲಸುಬ್ರಹ್ಮಣ್ಯಂ ಅವರು ತಾವು ಗಂಟಲನ್ನು ಅಷ್ಟಾಗಿ ಕಾಪಾಡಿಕೊಂಡವರಲ್ಲವೆಂದೂ, ಬಹುಕಾಲ ಧೂಮಪಾನ ಮಾಡಿ ಬಿಟ್ಟವರೆಂದೂ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಆ ವಿಷಯದಲ್ಲಿ ಅವರನ್ನು ಅನುಕರಿಸಬೇಕಾಗಿಲ್ಲ.

ಇನ್ನು ಭಯದ ಮಾತು. ನೂರಾರು ಕಣ್ಣುಗಳೆದುರು ಅವಮಾನವಾದೀತೆಂಬ ಶಂಕೆ ಬಂದೊಡನೆ ಅಡ್ರಿನಲಿನ್ ಎಂಬ ಸ್ರಾವ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಅಂಗೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಉಸಿರು ಹೊಟ್ಟೆಯನ್ನು ಬಿಟ್ಟು ಎದೆಯ ಮೇಲ್ಭಾಗದಲ್ಲಿಯೇ ಆಡುತ್ತದೆ, ಧ್ವನಿಪೆಟ್ಟಿಗೆಯ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಶ್ರುತಿ ತಪ್ಪಲು ಇಷ್ಟು ಸಾಕು. ಆದ್ದರಿಂದ ಅಪಸ್ವರಕ್ಕೆ ಗದರಿಕೆಯೇ ಮದ್ದೆಂದು ತಿಳಿದ ತೀರ್ಪುಗಾರನು ಮುಂದಿನ ಅಪಸ್ವರಕ್ಕೆ ತಾನೇ ಕಾರಣನಾಗುತ್ತಾನೆ. ಮೊದಲು ಹೊಗಳಿ, ಉಸಿರು ಸಮವಾದ ಮೇಲೆ ತಿದ್ದುವ ಪದ್ಧತಿ, ಅಂಕ ಕೊಡುವುದರಲ್ಲಿ ಧಾರಾಳವೆನಿಸಿದರೂ, ಶರೀರಶಾಸ್ತ್ರಕ್ಕೆ ಒಪ್ಪುವ ಪದ್ಧತಿಯೇ.

ಕಟುಮಾತು ಎಲ್ಲಿಯವರೆಗೆ ಹೋಗಬಹುದೆಂಬ ಚರ್ಚೆ ದೇಶಾದ್ಯಂತ ಎದ್ದದ್ದು 2008ರ ಜೂನ್ ತಿಂಗಳಲ್ಲಿ. ಬಂಗಾಳಿ ವಾಹಿನಿಯೊಂದರ ನೃತ್ಯಸ್ಪರ್ಧೆಯಲ್ಲಿ ತೀರ್ಪುಗಾರರ ಟೀಕೆಗೆ ಗುರಿಯಾದ ಕೋಲ್ಕತ್ತೆಯ ಹದಿನಾರು ವರ್ಷದ ಹುಡುಗಿಯೊಬ್ಬಳು ಮಾತನ್ನೂ ಕೈಕಾಲುಗಳ ಚಲನೆಯನ್ನೂ ಕಳೆದುಕೊಂಡಳೆಂದು ಪತ್ರಿಕೆಗಳು ಬರೆದವು. ಆಕೆಯನ್ನು ಚಿಕಿತ್ಸೆಗಾಗಿ ಕರೆತಂದದ್ದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ. ಆ ಟೀಕೆಯೊಂದೇ ಕಾರಣವೇ, ದೇಹದ ಬೇರೆ ವ್ಯಾಧಿಯೇನಾದರೂ ಇತ್ತೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ದೂರದಲ್ಲಿ ಕುಳಿತವರು ಅದನ್ನು ತೀರ್ಮಾನಿಸಲು ಹೋಗಬಾರದು. ಮನಸ್ಸಿಗೆ ತಡೆಯಲಾರದ ಆಘಾತವಾದಾಗ ಮಾತು ನಿಲ್ಲುವುದು, ಕೈಕಾಲು ಆಡದಿರುವುದು ಮನೋವೈದ್ಯರಿಗೆ ಪರಿಚಿತವಾದ ಸಂಗತಿಯೆಂಬುದಂತೂ ನಿಜ. ಅದು ಮಗುವಿನ ನಟನೆಯಲ್ಲ, ಹಠವಲ್ಲ, ದೆವ್ವದ ಚೇಷ್ಟೆಯಂತೂ ಮೊದಲೇ ಅಲ್ಲ. ಆ ವಾರಗಳಲ್ಲಿ ತಾಯಿತ ಕಟ್ಟಿಸಲು ಓಡಾಡದೆ ವೈದ್ಯರ ಬಳಿಗೆ ಹೋಗುವುದು ಎಷ್ಟೋ ಮೇಲು.

ಪಿಟ್ಸ್‌ಬರ್ಗಿನ ನೆರೆಮನೆಯವನು

ಮಕ್ಕಳೆದುರು ಮೆಲ್ಲನೆ ಮಾತನಾಡುವವನು ಮಕ್ಕಳನ್ನು ಕೆಡಿಸುತ್ತಾನೆಯೇ ಎಂಬ ಈ ವಾದ ಕನ್ನಡದ ಕಿರುತೆರೆಗಿಂತ ಬಹಳ ಹಳೆಯದು. ಅಮೇರಿಕದಲ್ಲಿ ಅದು ಫ್ರೆಡ್ ರೋಜರ್ಸ್ ಎಂಬ ಒಬ್ಬನೇ ಮನುಷ್ಯನ ಸುತ್ತ ನಲವತ್ತು ವರ್ಷ ನಡೆಯಿತು. ರೋಜರ್ಸರು ಸ್ಪರ್ಧೆ ನಡೆಸಿದವರಲ್ಲ, ಅಂಕ ಕೊಟ್ಟವರಲ್ಲ; ಶಾಲೆಗೆ ಹೋಗುವ ಮುನ್ನಿನ ಎಳೆಯರೊಡನೆ ಕ್ಯಾಮೆರಾದ ಮೂಲಕ ಅರ್ಧ ಗಂಟೆ ಮಾತನಾಡಿದವರು. ಆದರೂ, ಅಥವಾ ಅದರಿಂದಲೇ, ಅವರ ಕಥೆ ಇಲ್ಲಿ ಹೇಳತಕ್ಕದ್ದು. ಸ್ಪರ್ಧೆಯ ಯಂತ್ರವನ್ನು ತೆಗೆದುಬಿಟ್ಟರೆ ಮೃದುತ್ವ ಏನು ಮಾಡಬಲ್ಲುದೆಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1928ರಲ್ಲಿ ಪೆನ್ಸಿಲ್ವೇನಿಯಾದ ಲಾಟ್ರೋಬ್ ಎಂಬ ಊರಿನಲ್ಲಿ ಜನಿಸಿದ ಅವರು ಸಂಗೀತವನ್ನು ಓದಿದವರು, 1963ರಲ್ಲಿ ಕ್ರೈಸ್ತ ಪಾದ್ರಿಯಾಗಿ ದೀಕ್ಷೆ ಪಡೆದವರು. ಆದರೆ ಕಾರ್ಯಕ್ರಮದಲ್ಲಿ ಧರ್ಮೋಪದೇಶ ಮಾಡಲಿಲ್ಲ. ‘ಮಿಸ್ಟರ್ ರೋಜರ್ಸ್ ನೇಬರ್‌ಹುಡ್’ ಎಂಬ ಅವರ ಕಾರ್ಯಕ್ರಮ 1968ರ ಫೆಬ್ರವರಿಯಿಂದ 2001ರ ಆಗಸ್ಟಿನವರೆಗೆ ಪಿಟ್ಸ್‌ಬರ್ಗ್ ನಗರದಿಂದ ಪ್ರಸಾರವಾಯಿತು. ಕಂತುಗಳ ಸಂಖ್ಯೆ ಸುಮಾರು 900. ಪ್ರತಿ ಸಲವೂ ಅವರು ಮನೆಯೊಳಕ್ಕೆ ಬಂದು, ಕೋಟನ್ನು ಕಳಚಿ, ಉಣ್ಣೆಯ ಅಂಗಿ ತೊಟ್ಟು, ಬೂಟು ಬದಲಿಸುತ್ತಿದ್ದರು. ಆ ಅಂಗಿಗಳಲ್ಲಿ ಹಲವನ್ನು ಹೆಣೆದವರು ಅವರ ತಾಯಿ. ಗಾಜಿನ ತೊಟ್ಟಿಯ ಮೀನುಗಳಿಗೆ ಆಹಾರ ಹಾಕುವುದೂ ನಿತ್ಯದ ಕೆಲಸ. ಹಾಕುವಾಗ ‘ಮೀನಿಗೆ ಊಟ ಹಾಕುತ್ತಿದ್ದೇನೆ’ ಎಂಬರ್ಥದ ಮಾತನ್ನು ಬಾಯಿಬಿಟ್ಟು ಹೇಳುವ ಅಭ್ಯಾಸವನ್ನು ಅವರು ನಡುವೆ ಬೆಳೆಸಿಕೊಂಡರು. ಕಾರಣ, ದೃಷ್ಟಿಯಿಲ್ಲದ ಹುಡುಗಿಯೊಬ್ಬಳ ಮನೆಯಿಂದ ಬಂದ ಪತ್ರ. ಮೀನುಗಳಿಗೆ ಊಟ ಸಿಕ್ಕಿತೋ ಇಲ್ಲವೋ ಎಂದು ಆ ಮಗು ಕಳವಳಪಡುತ್ತಿತ್ತು.

ಅವರ ಮೆಲುದನಿಯ ಹಿಂದೆ ಶಾಸ್ತ್ರವಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮಕ್ಕಳ ಮನಶ್ಶಾಸ್ತ್ರಜ್ಞೆ ಡಾ. ಮಾರ್ಗರೆಟ್ ಮೆಕ್‌ಫಾರ್ಲೆಂಡ್ ಅವರೊಡನೆ ರೋಜರ್ಸ್ ದಶಕಗಳ ಕಾಲ ಕುಳಿತು ಕಂತುಗಳ ಮಾತನ್ನೂ ಹಾಡನ್ನೂ ಚರ್ಚಿಸುತ್ತಿದ್ದರು. ಸ್ನಾನದ ತೊಟ್ಟಿಯ ನೀರಿನೊಡನೆ ತಾನೂ ಕೊಳವೆಯೊಳಕ್ಕೆ ಹೋಗಿಬಿಟ್ಟೇನೆಂದು ಎರಡು ಮೂರು ವರ್ಷದ ಕೂಸು ಹೆದರುತ್ತದೆ. ದೊಡ್ಡವರು ನಕ್ಕು ಸುಮ್ಮನಾಗುವ ಈ ಭಯಕ್ಕೆ ಅವರೊಂದು ಹಾಡನ್ನೇ ಕಟ್ಟಿದರು. 1970ರ ಒಂದು ಕಂತಿನಲ್ಲಿ ತೊಟ್ಟಿಯ ಮೀನೊಂದು ಸತ್ತಿತು. ಅದನ್ನು ಮರೆಮಾಚದೆ, ಉಪ್ಪುನೀರಿನಲ್ಲಿ ಬಿಟ್ಟು ನೋಡಿ, ಚೇತರಿಸದಿರಲು ಹಿತ್ತಿಲಲ್ಲಿ ಹೂಳಿ, ತಮ್ಮ ಬಾಲ್ಯದ ನಾಯಿ ಸತ್ತಾಗ ತಾವು ಅತ್ತ ಸಂಗತಿಯನ್ನು ಹೇಳಿದರು. 1968ರ ಜೂನಿನಲ್ಲಿ ರಾಬರ್ಟ್ ಕೆನಡಿಯವರ ಕೊಲೆಯಾದಾಗ, ಹಗಲಿರುಳೂ ಟೆಲಿವಿಷನ್ ಎದುರು ಕುಳಿತ ಮನೆಗಳಲ್ಲಿ ಮಕ್ಕಳ ಮನಸ್ಸಿಗೇನಾಗುತ್ತಿದೆಯೆಂದು ತಂದೆತಾಯಿಗಳಿಗೆ ತಿಳಿಸಲು ವಿಶೇಷ ಕಾರ್ಯಕ್ರಮವೊಂದನ್ನು ತ್ವರಿತವಾಗಿ ಸಿದ್ಧಪಡಿಸಿದರು. ಮೃದುವೆಂದರೆ ಕಹಿಯನ್ನು ಮುಚ್ಚಿಡುವುದೆಂಬ ಅಭಿಪ್ರಾಯಕ್ಕೆ ಈ ಕಂತುಗಳೇ ಉತ್ತರ.

1969ರ ಮೇ 1ರಂದು ಅವರು ಅಮೇರಿಕದ ಸೆನೆಟ್ ಉಪಸಮಿತಿಯ ಮುಂದೆ ಹಾಜರಾದರು. ಸಾರ್ವಜನಿಕ ಟೆಲಿವಿಷನ್ನಿಗೆ ಕೊಡಬೇಕಾಗಿದ್ದ 2 ಕೋಟಿ ಡಾಲರನ್ನು ಅರ್ಧಕ್ಕಿಳಿಸುವ ಪ್ರಸ್ತಾಪವಿತ್ತು. ಅಧ್ಯಕ್ಷ ಜಾನ್ ಪಾಸ್ಟೋರೆ ಅವರು ಒರಟು ಮಾತಿನ, ಬೇಗ ಬೇಸರಪಡುವ ಹಿರಿಯರು. ರೋಜರ್ಸ್ ಬರೆದುತಂದ ಭಾಷಣವನ್ನು ಓದಲಿಲ್ಲ; ಸುಮಾರು ಆರು ನಿಮಿಷ ತಮ್ಮ ಎಂದಿನ ದನಿಯಲ್ಲಿಯೇ ಮಾತನಾಡಿ, ಸಿಟ್ಟು ಬಂದಾಗ ಮಗು ಅದನ್ನೇನು ಮಾಡಬೇಕೆಂಬ ತಮ್ಮ ಹಾಡೊಂದರ ಮಾತುಗಳನ್ನು ಹೇಳಿದರು. ಕೇಳಿದ ಪಾಸ್ಟೋರೆಯವರು ತಮಗೆ ಮೈ ನವಿರೆದ್ದಿತೆಂದೂ, ಆ 2 ಕೋಟಿಯನ್ನು ರೋಜರ್ಸ್ ಗಳಿಸಿದಂತಾಯಿತೆಂದೂ ಬಹಿರಂಗವಾಗಿ ಹೇಳಿದರು.

ಸೆನೆಟರು ಕರಗಿದರೆಂದು ಊರೆಲ್ಲ ಕರಗಿತೆಂದಲ್ಲ. ಇಷ್ಟು ಒಳ್ಳೆಯವನು ಇರಲಾರನೆಂಬ ಶಂಕೆ ಮನುಷ್ಯಸ್ವಭಾವದಲ್ಲಿಯೇ ಇದೆಯೇನೋ! ಅವರು ಹಿಂದೆ ಸೈನ್ಯದಲ್ಲಿ ಗುರಿಕಾರರಾಗಿ ಅನೇಕರನ್ನು ಕೊಂದವರೆಂದೂ, ತೋಳಿನ ಹಚ್ಚೆಯನ್ನು ಮರೆಮಾಡಲೆಂದೇ ಉದ್ದ ತೋಳಿನ ಅಂಗಿ ತೊಡುವರೆಂದೂ ವದಂತಿ ಹಬ್ಬಿತು. ರೋಜರ್ಸ್ ಸೈನ್ಯದಲ್ಲಿ ಒಂದು ದಿನವೂ ಸೇವೆ ಸಲ್ಲಿಸಿದವರಲ್ಲ. ಹಾಸ್ಯಗಾರರು ಅವರನ್ನು ಅಣಕಿಸಿದರು. ಎಡ್ಡಿ ಮರ್ಫಿಯವರ ಅಣಕವನ್ನು ಅವರು ನಗುತ್ತಲೇ ಸ್ವೀಕರಿಸಿದರು. ಮಾತು ಬಹಳ ನಿಧಾನ, ಮಕ್ಕಳಿಗೆ ತೂಕಡಿಕೆ ಬರುತ್ತದೆಂದವರೂ ಉಂಟು. ಈ ನಿಧಾನದ ಪ್ರಶ್ನೆಗೆ ಪರೀಕ್ಷೆಯಿಂದಲೇ ಉತ್ತರ ದೊರೆಯಿತೆನ್ನಬಹುದು. ಪೆನ್ಸಿಲ್ವೇನಿಯಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕಿಯರಿಬ್ಬರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಶುವಿಹಾರದ ಮಕ್ಕಳ ಒಂದು ಗುಂಪಿಗೆ ಹೊಡೆದಾಟದ ಚಿತ್ರಗಳನ್ನೂ, ಇನ್ನೊಂದಕ್ಕೆ ರೋಜರ್ಸರ ಕಾರ್ಯಕ್ರಮವನ್ನೂ ಕೆಲವು ವಾರ ತೋರಿಸಲಾಯಿತು. ಎರಡನೆಯ ಗುಂಪಿನ ಮಕ್ಕಳು ಹಿಡಿದ ಕೆಲಸವನ್ನು ಬಿಡದೆ ಮಾಡುವುದರಲ್ಲಿ, ನಿಯಮ ಪಾಲಿಸುವುದರಲ್ಲಿ, ತಮ್ಮ ಸರದಿಗಾಗಿ ಕಾಯುವುದರಲ್ಲಿ ಮುಂದುವರಿದುದು ಕಂಡುಬಂದಿತು. 2011ರಲ್ಲಿ ಪ್ರಕಟವಾದ ಬೇರೊಂದು ಪರೀಕ್ಷೆಯಲ್ಲಿ ನಾಲ್ಕು ವರ್ಷದ 60 ಮಕ್ಕಳಲ್ಲಿ ಕೆಲವರು ಅತಿವೇಗದ ವ್ಯಂಗ್ಯಚಿತ್ರವನ್ನು 9 ನಿಮಿಷ ನೋಡಿದ ಕೂಡಲೇ, ಗಮನವಿಟ್ಟು ಮಾಡುವ ಕೆಲಸಗಳಲ್ಲಿ ಹಿಂದೆ ಬಿದ್ದರು. ಅದು ತಾತ್ಕಾಲಿಕ ಪರಿಣಾಮವೇ ಇರಬಹುದು. ಆದರೂ ಪಾಠಕ್ಕೆ ಕೂರಿಸುವ ಮುನ್ನ ‘ಸ್ವಲ್ಪ ಹೊತ್ತು ಕಾರ್ಟೂನು ನೋಡಲಿ ಬಿಡಿ’ ಎನ್ನುವ ಮನೆಗಳವರು ಗಮನಿಸಬೇಕಾದ ವಿಷಯ.

ತೀರಿಕೊಂಡ ಮೇಲೂ ಅವರಿಗೆ ದೂಷಣೆ ತಪ್ಪಲಿಲ್ಲ. ಜಠರದ ಕ್ಯಾನ್ಸರಿನಿಂದ 2003ರ ಫೆಬ್ರವರಿ 27ರಂದು, ತಮ್ಮ 74ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ನಾಲ್ಕು ವರ್ಷಗಳ ಅನಂತರ, 2007ರಲ್ಲಿ, ಅಲ್ಲಿಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂಕಣವು ದೊಡ್ಡ ಗದ್ದಲವನ್ನೆಬ್ಬಿಸಿತು. ಲೂಯಿಸಿಯಾನಾದ ಹಣಕಾಸು ವಿಷಯದ ಪ್ರಾಧ್ಯಾಪಕರೊಬ್ಬರ ದೂರು ಅದರಲ್ಲಿತ್ತು: ವಿದ್ಯಾರ್ಥಿಗಳು ದುಡಿಯದೆಯೇ ಹೆಚ್ಚು ಅಂಕ ಕೇಳುತ್ತಾರೆ, ‘ನೀನು ಇರುವಂತೆಯೇ ವಿಶೇಷ’ವೆಂದು ಮಕ್ಕಳಿಗೆ ಹೇಳಿ ಹೇಳಿ ಹೀಗಾಯಿತು, ಇದಕ್ಕೆ ರೋಜರ್ಸರೇ ಸಂಕೇತ. ಏಷ್ಯಾದಿಂದ ಬಂದ ವಿದ್ಯಾರ್ಥಿಗಳು ಕೊಟ್ಟ ಅಂಕವನ್ನು ಒಪ್ಪಿಕೊಂಡು ಇನ್ನಷ್ಟು ಓದುತ್ತಾರೆಂದು ಅವರು ಹೋಲಿಸಿಯೂ ತೋರಿಸಿದ್ದರು. ಟೆಲಿವಿಷನ್ ಹರಟೆಗಾರರು ಅದನ್ನೇ ಹಿಡಿದು ಆ ಮೃತನನ್ನು ದುಷ್ಟನೆಂದು ಕರೆಯುವವರೆಗೂ ಹೋದರು. ಏಷ್ಯಾದ ಮಕ್ಕಳ ವಿನಯವನ್ನು ದೂರದಿಂದ ಹೊಗಳುವುದು ಸುಲಭ. ಹತ್ತನೆಯ ತರಗತಿಯ ಫಲಿತಾಂಶದ ಮರುದಿನ ಈ ದೇಶದ ವೃತ್ತಪತ್ರಿಕೆಗಳಲ್ಲಿ ಬರುವ ಎಳೆಯರ ಆತ್ಮಹತ್ಯೆಯ ಸುದ್ದಿಗಳನ್ನು ಓದಿದವರು ಆ ವಿನಯದ ಇನ್ನೊಂದು ಮುಖವನ್ನೂ ಬಲ್ಲರು. ಮಗುವಿಗೆ ಬೆಲೆಯಿದೆಯೆನ್ನುವುದು ಬೇರೆ, ಅದರ ಉತ್ತರಪತ್ರಿಕೆಗೆ ಬೆಲೆಯಿದೆಯೆನ್ನುವುದು ಬೇರೆ. ರೋಜರ್ಸ್ ಹೇಳಿದ್ದು ಮೊದಲನೆಯದನ್ನು ಮಾತ್ರ. ತಪ್ಪಿದ ಳಕಾರವನ್ನು ತಪ್ಪೆಂದೇ ಹೇಳಿಯೂ ಹಾಡಿದ ಮಗುವನ್ನು ಹತ್ತಿರ ಕರೆದ ಬಾಲಸುಬ್ರಹ್ಮಣ್ಯಂ ಅವರ ಬಗೆಗೂ ‘ಧಾರಾಳ’ವೆಂಬ ಟೀಕೆ ಬಂದದ್ದು ಈ ಎರಡನ್ನೂ ಬೆರೆಸಿಕೊಂಡದ್ದರಿಂದಲೇ.

ಕಾಯಿದೆಯ ಮಾತು

ಒಬ್ಬ ನಿರೂಪಕನ ಸ್ವಭಾವವನ್ನು ನಂಬಿ ಮಕ್ಕಳನ್ನು ಒಪ್ಪಿಸಲಾಗುವುದಿಲ್ಲವೆಂಬುದು ಸರಕಾರಕ್ಕೂ ಹೊಳೆಯಿತು. ಕೋಲ್ಕತ್ತೆಯ ಪ್ರಕರಣದ ತರುವಾಯದ ವರ್ಷಗಳಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಕಿರುತೆರೆಯಲ್ಲಿ ಭಾಗವಹಿಸುವ ಮಕ್ಕಳ ಬಗೆಗೆ ಮಾರ್ಗಸೂಚಿಗಳನ್ನು ಹೊರಡಿಸಿತು. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಅವುಗಳ ಪ್ರಕಾರ ಬಾಲಕಲಾವಿದರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಬಂದ ಹಣದಲ್ಲಿ ಕನಿಷ್ಠ ನೂರಕ್ಕೆ 20ರಷ್ಟನ್ನು ಮಗುವಿನ ಹೆಸರಿನಲ್ಲಿಯೇ ಬ್ಯಾಂಕಿನಲ್ಲಿ ಇಡಬೇಕು. 2019ರ ಜೂನಿನಲ್ಲಿ ಪ್ರಸಾರ ಮಂತ್ರಾಲಯವು ನೃತ್ಯಸ್ಪರ್ಧೆಗಳಲ್ಲಿ ಮಕ್ಕಳಿಂದ ವಯಸ್ಸಿಗೊಪ್ಪದ ಅಭಿನಯ ಮಾಡಿಸಬಾರದೆಂದು ವಾಹಿನಿಗಳಿಗೆ ಸೂಚನೆಯನ್ನು ಕೊಟ್ಟಿತು. ಆಯ್ಕೆಯ ಸುತ್ತಿಗೆಂದು ಮಗುವನ್ನು ಕರೆದುಕೊಂಡು ಹೊರಡುವ ತಂದೆತಾಯಿಗಳು ಈ ನಿಯಮಗಳನ್ನು ತಿಳಿದಿರುವುದು ಕ್ಷೇಮ. ಸಹಿ ಹಾಕುವ ಕಾಗದವನ್ನು ಓದದೆ ಸಹಿ ಹಾಕುವ ಅಭ್ಯಾಸ ಬಹಳ ಮಂದಿಗೆ ಇದೆ.

ಬಾಲಸುಬ್ರಹ್ಮಣ್ಯಂ ಅವರು ಕೋವಿಡ್ ಸೋಂಕಿನಿಂದ 2020ರ ಆಗಸ್ಟ್ 5ರಂದು ಚೆನ್ನೈಯ ಆಸ್ಪತ್ರೆಯನ್ನು ಸೇರಿದರು. ಐವತ್ತು ದಿನಗಳ ಹೋರಾಟದ ಕೊನೆಗೆ ಸೆಪ್ಟೆಂಬರ್ 25ರಂದು, 74ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಕಾರ್ಯಕ್ರಮವನ್ನು ಪ್ರಸಾರ ಮಾಡಿದ ಈಟಿವಿ ಕನ್ನಡ ವಾಹಿನಿ ಅಷ್ಟರಲ್ಲಿ, 2015ರಿಂದಲೇ, ಕಲರ್ಸ್ ಕನ್ನಡವೆಂಬ ಹೆಸರನ್ನು ತಳೆದಿತ್ತು. 2021ರಲ್ಲಿ ಆ ವಾಹಿನಿಯು ಅವರ ನೆನಪಿಗೆಂದು ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ಹೊಸ ತೀರ್ಪುಗಾರರೊಡನೆ ಮತ್ತೆ ನಡೆಸಿತು. ಆಗ ಮನೆಮನೆಯಲ್ಲಿಯೂ ಹೋಲಿಕೆಯ ಮಾತು. ಮೊದಲು ‘ಮಾತು ಹೆಚ್ಚಾಯಿತು’ ಎಂದವರೇ ಈಗ ಆ ಮಾತಿಗಾಗಿ ಹಂಬಲಿಸಿದ್ದೂ ಉಂಟು.

ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳ ಕನ್ನಡ ಸಮಾರಂಭಗಳಲ್ಲಿ ಮಕ್ಕಳ ಗೀತಸ್ಪರ್ಧೆಯಿಲ್ಲದ ರಾಜ್ಯೋತ್ಸವವಿಲ್ಲ. ಅಲ್ಲಿ ಕ್ಯಾಮೆರಾಗಳಿಲ್ಲ, ಇರುವುದು ಒಂದು ಮೈಕು, ಒಂದು ಹಾರ್ಮೋನಿಯಮ್, ಮೊದಲ ಸಾಲಿನಲ್ಲಿ ಮೂವರು ತೀರ್ಪುಗಾರರು. ಭಾನುವಾರದ ಮಧ್ಯಾಹ್ನ ಎಂಟು ವರ್ಷದ ಹುಡುಗಿ, ತಾಯಿ ಮರಾಠಿ ಲಿಪಿಯಲ್ಲಿ ಬರೆದುಕೊಟ್ಟ ಕನ್ನಡದ ಹಾಡನ್ನು ಬಾಯಿಪಾಠ ಮಾಡಿಕೊಂಡು ಬಂದು ವೇದಿಕೆ ಏರುತ್ತಾಳೆ. ಪಲ್ಲವಿ ಸರಿಯಾಗಿ ಬರುತ್ತದೆ, ಚರಣದ ಎರಡನೆಯ ಸಾಲಿಗೆ ಬಂದಾಗ ಮರೆತುಹೋಗುತ್ತದೆ. ಸಭೆಯ ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾರೆ. ತಾಯಿ ಕುರ್ಚಿಯ ತುದಿಗೆ ಸರಿಯುತ್ತಾಳೆ. ಗಂಟೆ ಬಾರಿಸಿ ಮುಂದಿನವರನ್ನು ಕರೆಯುವುದು ಒಂದು ಕ್ರಮ. ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ. ತೀರ್ಪುಗಾರರಲ್ಲೊಬ್ಬರು ಪೆನ್ನನ್ನು ಕೆಳಗಿಟ್ಟು, ಹಾರ್ಮೋನಿಯಮಿನವರಿಗೆ ಶ್ರುತಿಯನ್ನು ಅರ್ಧ ಮನೆ ಇಳಿಸುವಂತೆ ಸನ್ನೆ ಮಾಡಿ, ಮರೆತ ಸಾಲಿನ ಮೊದಲ ಪದವನ್ನು ಮೆಲ್ಲಗೆ ಹೇಳಿಕೊಡುವುದು ಇನ್ನೊಂದು ಕ್ರಮ. ಅದಕ್ಕೆ ಹೆಚ್ಚೆಂದರೆ ಎರಡು ನಿಮಿಷ ಬೇಕು.